ವಿಜಾಪುರದಲ್ಲಿ ಒಂದು ದಿನ
(ಶಿಕ್ಷಕರ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ಆದಿತ್ಯವಾರ ನಾವು ಕೆಲವರು ಕೂಡಿ ವಿಜಾಪುರದ ಹಳೆಯ ಊರನ್ನು ಬೆಳಗಿನಿಂದ ಸಂಜೆಯ ವರೆಗೆ ಸುತ್ತಿ ನೋಡಿದೆವು. ಸರಕಾರದ ಕಾಗದಗಳಲ್ಲಿ ಆ ಊರು 2014 ರಿಂದ ವಿಜಯಪುರವೆನಿಸಿದೆ. ಹಿರಿಯರ ಬಾಯಿರೂಢಿಯಂತೆ ನಾನು ವಿಜಾಪುರವೆಂದೇ ಕರೆಯುವೆನು. ಅರಕಿಲ್ಲೆಯ ಬಾಗಿಲಲ್ಲಿ ನಮ್ಮೊಡನಿದ್ದ ಒಬ್ಬ ಗುರುಗಳು, "ವಕೀಲರೇ, ಇಲ್ಲಿ ಎಲ್ಲವೂ ದೊಡ್ಡದು, ಆದರೆ ನಮ್ಮದೆಂಬುದು ಏನಿದೆ? ಕನ್ನಡಿಗರು ಅಭಿಮಾನದಿಂದ ನೋಡತಕ್ಕದ್ದು ಹಂಪೆಯನ್ನು, ಬಾದಾಮಿಯನ್ನು. ಇದು ಅನ್ಯರ ರಾಜಧಾನಿ" ಎಂದರು. ನಾನು ಆಗಲೇ ಉತ್ತರ ಕೊಡಲಿಲ್ಲ. ಸಾಕ್ಷಿಗಳನ್ನು ವಿಚಾರಿಸದೆ ವಾದಿಸುವದು ನನ್ನ ವೃತ್ತಿಗೆ ಸಲ್ಲದು. ಆ ದಿನ ದೊರೆತ ಸಾಕ್ಷ್ಯವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಅರಕಿಲ್ಲೆಯೊಳಗೆ ಕರೀಮುದ್ದೀನನ ಮಸೀದೆಯಿದೆ. 1320 ರದು, ಆದಿಲಶಾಹಿ ಅರಸರಿಗಿಂತಲೂ ಹಳೆಯದು. ಅದರ ಕಂಬಗಳು ಹಿಂದಿನ ಗುಡಿಗಳವು. ಅವನ್ನು ಕಂಡಾಗ ಮನಸ್ಸು ನೋಯುವದು ಸಹಜ; ಆ ನೋವನ್ನು ಮುಚ್ಚಿಡಿರೆಂದು ನಾನು ಹೇಳೆನು. ಆದರೆ ಅಲ್ಲಿಯ ಶಾಸನವು ಕಟ್ಟಿದವನ ಹೆಸರನ್ನೂ ಹೇಳುತ್ತದೆ. ಅವನು ಸಾಲೋಟಗಿಯ ರೇವಯ್ಯನೆಂಬ ಬಡಗಿ. ಸಾಲೋಟಗಿ ಇಂಡಿ ತಾಲೂಕಿನ ಊರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, 945 ರಲ್ಲಿ, ಅಲ್ಲೊಂದು ವಿದ್ಯಾಶಾಲೆಯಿತ್ತೆಂದು ಶಾಸನವು ಸಾರುವದು. ಆಳಿದವನು ಎಲ್ಲಿಂದಲೇ ಬಂದಿರಲಿ, ಉಳಿ ಹಿಡಿದ ಕೈ ಈ ನಾಡಿನದು.

ಅಲ್ಲಿಂದ ಜುಮ್ಮಾ ಮಸೀದೆಗೆ ಹೋದೆವು. ಇದನ್ನು ಕಟ್ಟಲು ಆರಂಭಿಸಿದ ಮೊದಲನೆಯ ಅಲಿ ಆದಿಲಶಹನು 1565 ರ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರದ ಎದುರು ನಿಂತವನು. ಅದನ್ನು ಮರೆಯುವಂತಿಲ್ಲ. ಆದರೆ 1686 ರಲ್ಲಿ ಔರಂಗಜೇಬನು ಈ ಊರನ್ನು ಗೆದ್ದುಕೊಂಡನು. ಹಂಪೆ ಬಿದ್ದ 121 ವರ್ಷಕ್ಕೆ ಅದನ್ನು ಕೆಡಹಿದವರ ರಾಜ್ಯವೂ ಬಿದ್ದಿತು. ತುಂಗಭದ್ರೆಯ ತೀರದ ಹಾಳೂ ಈ ಹಾಳೂ ಒಂದೇ ನಾಡಿನ ಮೈಮೇಲಿನ ಗಾಯಗಳಲ್ಲವೇ?

ಊರ ಪಶ್ಚಿಮಕ್ಕೆ ಇಬ್ರಾಹಿಂ ರೋಜಾ. ಅಲ್ಲಿ ಮಲಗಿರುವ ಎರಡನೆಯ ಇಬ್ರಾಹಿಮನು 1580 ರಿಂದ 1627 ರ ವರೆಗೆ ಆಳಿದನು. ಅವನು ದಖನಿ ಭಾಷೆಯಲ್ಲಿ ರಚಿಸಿದ 'ಕಿತಾಬ್-ಎ-ನವರಸ'ದಲ್ಲಿ ಸರಸ್ವತಿಯ ಸ್ತುತಿಯಿದೆ. ಅವನನ್ನು 'ಜಗದ್ಗುರು'ವೆಂದು ಕರೆದರು. ಶಾರದೆಗೆ ಕೈಮುಗಿದವನನ್ನು ಅನ್ಯನೆನ್ನಲು ನನಗಂತೂ ನಾಲಿಗೆ ಏಳದು.

ಮಧ್ಯಾಹ್ನದ ಬಿಸಿಲಲ್ಲಿ ತಾಜಬಾವಡಿಯ ಮೆಟ್ಟಲುಗಳ ಮೇಲೆ ಕುಳಿತಾಗ ನೀರಿನ ಮಾತು ಬಂದಿತು. ಬರಗಾಲದ ಈ ಸೀಮೆಯಲ್ಲಿ ಅಷ್ಟು ದೊಡ್ಡ ರಾಜಧಾನಿಗೆ ನೀರು ಎಲ್ಲಿಂದ? ಕೆರೆಗಳಿಂದ, ಬಾವಡಿಗಳಿಂದ, ಮತ್ತು ತೊರವೆಯ ಕಡೆಯಿಂದ ನೆಲದೊಳಗೆ ಕೊರೆದು ತಂದ ಸುರಂಗಗಳಿಂದ. ಶಿಕ್ಷಕರಿಗೆ ತೊರವೆ ಯಾವದೆಂದು ನಾನು ಹೇಳಬೇಕೇ? ಸುಮಾರು 1500 ರಲ್ಲಿ ಕುಮಾರವಾಲ್ಮೀಕಿಯು ಅಲ್ಲಿಯ ನರಸಿಂಹನ ಭಕ್ತನಾಗಿ ಭಾಮಿನೀಷಟ್ಪದಿಯಲ್ಲಿ ರಾಮಾಯಣವನ್ನು ಬರೆದನು. ಇಬ್ರಾಹಿಮನು ತನ್ನ ನವರಸಪುರವನ್ನು ಕಟ್ಟಹೊರಟದ್ದೂ ಆ ತೊರವೆಯ ನೆರೆಯಲ್ಲಿಯೇ. ಕನ್ನಡಕ್ಕೆ ರಾಮಾಯಣವನ್ನು ಕೊಟ್ಟ ನೆಲವೇ ಸುಲ್ತಾನರ ಊರಿಗೆ ನೀರನ್ನೂ ಕೊಟ್ಟಿತು. ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕೆ?

ಗೋಳಗುಮ್ಮಟವನ್ನು ನಾನು ವರ್ಣಿಸಲಾರೆ. 1656 ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಗೋರಿಯದು. ಒಳಗೆ ಸುಮಾರು 124 ಅಡಿ ಅಗಲದ ಗುಮ್ಮಟಕ್ಕೆ ನಡುವೆ ಒಂದು ಕಂಬವಿಲ್ಲ. ಒಂದನ್ನೊಂದು ಹಾಯ್ದು ನಿಂತ ಕಮಾನುಗಳೇ ಆ ಭಾರವನ್ನು ಗೋಡೆಗೆ ಒಪ್ಪಿಸುತ್ತವೆ. ಮಕ್ಕಳು ಮೇಲೆ ನಿಂತು ಕೂಗುತ್ತಾರೆ, ಕೂಗು ಮರಳಿ ಮರಳಿ ಬರುತ್ತದೆ. ಆದರೆ ಕೂಗಿ ಇಳಿದುಬಂದರೆ ಊರನ್ನು ನೋಡಿದಂತಾಗದು.

ನೋಡದವರ ಕೈಗೆ ಸಿಕ್ಕ ಸ್ವತ್ತಿನ ಗತಿ ಏನೆಂಬುದನ್ನು ಮಲಿಕ್-ಎ-ಮೈದಾನ ತೋಫು ಹೇಳುವದು. 1549 ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಆ ತೋಫನ್ನು 1854 ರಲ್ಲಿ, ಆಂಗ್ಲರ ಆಳಿಕೆಯಲ್ಲಿ, ನಿರುಪಯೋಗಿ ಸಾಮಾನೆಂದು ಲಿಲಾವಿಗೆ ಹಚ್ಚಿದರು. ಬಂದ ಸವಾಲು 150 ರೂಪಾಯಿ! ಮಾರಾಟವನ್ನು ಕೈಬಿಟ್ಟುದರಿಂದ ಅದು ಉಳಿದಿದೆ. ಹಕ್ಕುದಾರನು ಬಂದು ಹಕ್ಕು ಹೇಳದಿದ್ದರೆ ಯಾವ ಸ್ವತ್ತಾದರೂ ಹೀಗೆಯೇ ಲಿಲಾವಾಗುವದು.

ಹಕ್ಕು ಹೇಳಿದವರೂ ಈ ಊರಲ್ಲಿದ್ದರು. ವಕೀಲ ಫ. ಗು. ಹಳಕಟ್ಟಿಯವರು ಇಲ್ಲಿಯೇ ನೆಲೆಸಿ, ಓಲೆಗರಿಗಳಲ್ಲಿ ಅಡಗಿದ್ದ ಶರಣರ ವಚನಗಳನ್ನು ಕೂಡಿಸಿ, 1923 ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಮುಂದೆ ಸ್ವಂತ ಮುದ್ರಣಾಲಯವನ್ನೇ ಸ್ಥಾಪಿಸಿದರು. ಗುಮ್ಮಟದ ನೆರಳಿನಲ್ಲಿ ಕುಳಿತು ಕಲ್ಯಾಣದ ಮಾತನ್ನು ಬದುಕಿಸಿದ ಆ ಮಹನೀಯರಿಗೆ ಈ ಊರು ಅನ್ಯವೆನಿಸಲಿಲ್ಲ.

ಬಂಧುಗಳೇ, 1956 ರ ನವೆಂಬರ 1 ರಂದು ಮುಂಬಯಿ, ಹೈದರಾಬಾದ, ಮದ್ರಾಸು, ಕೊಡಗು, ಮೈಸೂರುಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡನಾಡು ನಕಾಶೆಯಲ್ಲಿ ಒಂದಾಯಿತು. ಆದರೆ ಹಂಪೆ ನಮ್ಮದು, ವಿಜಾಪುರ ಅವರದು ಎಂದು ಮನಸ್ಸಿನಲ್ಲಿ ಗಡಿ ಕೊರೆದುಕೊಂಡಿರುವ ವರೆಗೆ ಏಕೀಕರಣವು ಪೂರ್ಣವಾಗದು. ನೋವನ್ನೂ ಕೂಡಿಯೇ ಪಿತ್ರಾರ್ಜಿತವನ್ನು ಸ್ವೀಕರಿಸಬೇಕು. ಲಾಭವನ್ನಷ್ಟೇ ಆರಿಸಿಕೊಳ್ಳುವ ವಾರಸುದಾರನನ್ನು ಯಾವ ನ್ಯಾಯಸ್ಥಾನವೂ ಒಪ್ಪದು. ನಿಮ್ಮ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಗುಮ್ಮಟದಲ್ಲಿ ಮನದಣಿಯೆ ಕೂಗಲಿ. ಆಮೇಲೆ ರೇವಯ್ಯನ ಹೆಸರನ್ನು ಹೇಳಿರಿ, ಬಾವಡಿಯ ನೀರನ್ನು ತೋರಿಸಿರಿ.

ಸಂಜೆ ಊರು ಬಿಡುವಾಗ ಆ ಗುರುಗಳು ಬೆಳಗಿನ ಮಾತನ್ನು ಎತ್ತಲಿಲ್ಲ. "ಮುಂದಿನ ಸಲ ಮಕ್ಕಳನ್ನು ಮೊದಲು ತೊರವೆಗೆ ಕರೆತರುವೆನು" ಎಂದಷ್ಟೇ ಅಂದರು. ನನಗೆ ಅಷ್ಟು ಸಾಕಾಯಿತು.