ಡಾಂಬರಿಗೂ ಮಣ್ಣಿಗೂ ಒಂದೇ ಬೈಕು

(ಮಲೆನಾಡಿನ ಹಳ್ಳಿಯೊಂದರ ಶಾಲೆಯ ಅಂಗಳದಲ್ಲಿ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಎದುರು ಮಾಡಿದ ಭಾಷಣದ ಬರಹರೂಪ)



ಪರಿಸರದ ಸಭೆಯಲ್ಲಿ ಮೋಟಾರು ಬೈಕಿನ ಮಾತೇಕೆ ಎಂದು ಸಂಘಟಕರಲ್ಲಿ ಒಬ್ಬರು ಕೇಳಿದರು. ಒಳಗೆ ಬರುವಾಗ ಬೇಲಿಯ ಆಚೆ ನಿಲ್ಲಿಸಿದ ಬೈಕುಗಳನ್ನು ಎಣಿಸಿದೆ, ಮೂವತ್ತೊಂದು ಇದ್ದವು. ಅವುಗಳಲ್ಲಿ ಒಂದು ನನ್ನದೇ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಅಡಿಕೆ ಮೂಟೆ, ಶಾಲೆಯ ಮಕ್ಕಳು, ಜ್ವರ ಬಂದ ಮುದುಕರು, ಇಷ್ಟನ್ನೂ ಹೊತ್ತು ಕೊನೆಯ ಎರಡು ಮೂರು ಮೈಲಿಯ ಮಣ್ಣುದಾರಿಯನ್ನು ದಾಟಿಸುವುದು ಇದೇ ವಾಹನ. ಅದನ್ನು ಬಿಟ್ಟು ಪರಿಸರ ಮಾತಾಡಿದರೆ ನಮ್ಮ ಮಾತು ಟೊಳ್ಳಾಗುತ್ತದೆ.

ರಸ್ತೆಗೂ ಕಾಡುದಾರಿಗೂ ಒಗ್ಗುವ ಬೈಕು ಹೊಸ ಕಲ್ಪನೆಯೇನಲ್ಲ. 1968ರಲ್ಲಿ ಯಮಹಾ ಕಂಪನಿ ಡಿಟಿ-1 ಎಂಬ ಬೈಕನ್ನು ತಂದಾಗಲೇ ಈ ಜಾತಿ ಲೋಕಪ್ರಸಿದ್ಧವಾಯಿತು. ನಮ್ಮಲ್ಲಿ ಮಾತ್ರ ಬಹುಕಾಲ ರಸ್ತೆಯ ಬೈಕೇ ಗತಿಯಾಗಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವ ತನಕ ಅಲ್ಲಿಂದ ಬಂದ ಯೆಜ್ಡಿಗಳು ಎಷ್ಟು ಕಾಫಿ ತೋಟಗಳ ಏರು ಹತ್ತಿಲ್ಲ! 2011ರಲ್ಲಿ ಹೀರೋ ಇಂಪಲ್ಸ್, 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಎಕ್ಸ್‌ಪಲ್ಸ್ 200 ಬಂದವು. ಎಕ್ಸ್‌ಪಲ್ಸ್‌ನ ಮುಂದಿನ ಚಕ್ರ 21 ಅಂಗುಲ, ಹಿಂದಿನದು 18. ನೆಲದಿಂದ ಇಂಜಿನ್ನಿನ ತಳಕ್ಕೆ 220 ಮಿ.ಮೀ. ಅಂತರ. ದೊಡ್ಡ ಚಕ್ರ ಹೊಂಡಕ್ಕೆ ಬೀಳದೆ ಅದರ ಮೇಲೆ ಉರುಳುತ್ತದೆ. ಕಂಪನಿಯೇ ಇಷ್ಟು ಮಾಡಿಕೊಟ್ಟ ಮೇಲೆ ನಾವು ಸೇರಿಸಬೇಕಾದುದು ಬಹಳ ಕಡಿಮೆ. ಆದರೆ ನಾವು ಸೇರಿಸುವುದು ಸಾಮಾನ್ಯವಾಗಿ ಬೇಡವಾದುದನ್ನೇ.

ನನ್ನದೇ ಕಥೆ ಹೇಳುತ್ತೇನೆ. 2012ರಲ್ಲಿ ಇಂಪಲ್ಸ್ ಕೊಂಡೆ. ಆರು ತಿಂಗಳೊಳಗೆ ಮೂಲ ಸೈಲೆನ್ಸರನ್ನು ಕಿತ್ತು ಗುಡುಗುವ ಒಂದು ಕೊಳವೆಯನ್ನು ಹಾಕಿಸಿದೆ. ಅದೇ ಅಂಗಡಿಯಲ್ಲಿ ಹ್ಯಾಂಡಲಿನ ತುದಿಗೆ ಹಾಕುವ ಕೈಗಾಪು ತೂಗುತ್ತಿತ್ತು. ದುಡ್ಡು ಉಳಿಯಲಿಲ್ಲವೆಂದು ಬಿಟ್ಟೆ. 2014ರ ಮಳೆಗಾಲದ ಒಂದು ರಾತ್ರಿ ನೆರೆಮನೆಯ ಹುಡುಗನಿಗೆ ಹಾವು ಕಚ್ಚಿತು. ಅವನನ್ನು ನಡುವೆ ಕೂರಿಸಿ, ಹಿಂದೆ ಅವನ ತಂದೆಯನ್ನು ಕೂರಿಸಿ ಹೊರಟೆ. ಹಳ್ಳದ ಇಳಿಜಾರಿನಲ್ಲಿ ಜಾರಿ ಬಿದ್ದೆವು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಕ್ಲಚ್ಚಿನ ಲೀವರು ಬುಡಕ್ಕೆ ಮುರಿಯಿತು. ಕ್ಲಚ್ಚಿಲ್ಲದೆ, ಮೂವರ ಭಾರದಲ್ಲಿ, ಆ ಕೆಸರಿನ ಏರನ್ನು ಹತ್ತುವುದು ನನ್ನಿಂದಾಗಲಿಲ್ಲ. ಜೀಪು ಸಿಗುವವರೆಗೆ ಹುಡುಗನನ್ನು ಹೊತ್ತು ನಡೆದೆವು. ಪ್ರತಿವಿಷದ ಚುಚ್ಚುಮದ್ದು ಒಂದೂವರೆ ಗಂಟೆ ತಡವಾಯಿತು. ಆ ಹುಡುಗ ಬದುಕಿದ. ಈಗ ಇಲ್ಲಿಯೇ ಹಿಂದಿನ ಸಾಲಿನಲ್ಲಿ ಕುಳಿತು ನನ್ನನ್ನು ನೋಡಿ ನಗುತ್ತಿದ್ದಾನೆ. ಅಂದು ನನಗೆ ನಗು ಬಂದಿರಲಿಲ್ಲ.

ಆದ್ದರಿಂದ ಮೊದಲ ಖರ್ಚು ಕೈಗಾಪು. ಒಳಗೆ ಅಲ್ಯೂಮಿನಿಯಂ ಪಟ್ಟಿ ಇರುವಂಥದ್ದು. ಬರೀ ಪ್ಲಾಸ್ಟಿಕ್ಕಿನದು ಗಾಳಿಯನ್ನು ತಡೆಯುತ್ತದೆ, ನೆಲವನ್ನಲ್ಲ. ಎರಡನೆಯದು ಇಂಜಿನ್ನಿನ ಅಡಿಗೆ ಗಟ್ಟಿ ತಗಡು. ಜಂಬಿಟ್ಟಿಗೆಯ ಚೂಪು ಕಲ್ಲು ತಾಗಿ ಆಯಿಲ್ ತಳ ಒಡೆದರೆ ಬೈಕು ಅಲ್ಲಿಯೇ ಉಳಿಯುತ್ತದೆ, ಆಯಿಲು ಹಳ್ಳ ಸೇರುತ್ತದೆ. ಸೀಟಿನ ಕೆಳಗೆ ಒಂದು ಜೊತೆ ಲೀವರು, ಕ್ಲಚ್ ಕೇಬಲ್ಲು, ಚೈನಿನ ಕೊಂಡಿ, ಸ್ಪಾರ್ಕ್ ಪ್ಲಗ್ಗು, ಗಾಳಿ ಪಂಪು ಇರಲಿ. ಟ್ಯೂಬು ಒಂದನ್ನೇ ಒಯ್ಯುವುದಾದರೆ ಮುಂದಿನ ಚಕ್ರದ್ದನ್ನು ಒಯ್ಯಿರಿ. 21 ಅಂಗುಲದ ಟ್ಯೂಬನ್ನು ಕಷ್ಟಕಾಲದಲ್ಲಿ 18ರ ಟೈರಿನೊಳಗೂ ಮಡಿಸಿ ತುರುಕಿ ಮನೆ ಸೇರಬಹುದು. ಅದರ ತಿರುಗುಮುರುಗು ಸಾಧ್ಯವಿಲ್ಲ.

ಟೈರಿನ ವಿಷಯ ಸ್ವಲ್ಪ ದೀರ್ಘವಾಗಿಯೇ ಹೇಳಬೇಕು. ರಸ್ತೆಯ ಟೈರಿನ ಸಣ್ಣ ಗೀರುಗಳಲ್ಲಿ ಕೆಂಪು ಜೇಡಿ ಮೆತ್ತಿಕೊಂಡರೆ ಅದು ಸವೆದ ಟೈರಿಗೆ ಸಮ. ದಪ್ಪ ಗುಬ್ಬಿಗಳ ಟೈರು ತಿರುಗುವಾಗ ಕೆಸರನ್ನು ಎಸೆದು ತನ್ನನ್ನು ತಾನೇ ಸ್ವಚ್ಛಗೊಳಿಸಿಕೊಳ್ಳುತ್ತದೆ. ಹಾಗಾದರೆ ಅದೇ ಉತ್ತಮವಲ್ಲವೇ ಎಂದರೆ, ಅಲ್ಲ. ಒದ್ದೆ ಡಾಂಬರಿನ ಮೇಲೆ ಆ ಗುಬ್ಬಿಗಳ ತುದಿ ಮಾತ್ರ ತಾಗುವುದರಿಂದ ಬ್ರೇಕ್ ಹಾಕಿದಾಗ ನಿಲ್ಲುವ ದೂರ ಹೆಚ್ಚುತ್ತದೆ. ನಮ್ಮ ಪ್ರಯಾಣದ ಬಹುಪಾಲು ಘಾಟಿಯ ಡಾಂಬರಿನಲ್ಲಿ, ಬಸ್ಸುಗಳ ಎದುರಿನಲ್ಲಿ. ಆದುದರಿಂದ ನಡುವಿನ ಜಾತಿಯ ಟೈರು ಸಾಕು. ಮಣ್ಣಿಗಿಳಿದಾಗ ಗಾಳಿಯನ್ನು ಐದಾರು ಪೌಂಡು ಇಳಿಸಿದರೆ ಹಿಡಿತ ತಾನಾಗಿ ಹೆಚ್ಚುತ್ತದೆ. ಬಹಳ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಚಿವುಟಿಹೋಗುತ್ತದೆ. ರಸ್ತೆಗೆ ಬಂದೊಡನೆ ಮತ್ತೆ ತುಂಬಿಸಬೇಕು. ಪಂಪು ಒಯ್ಯಲು ಹೇಳಿದ್ದು ಇದಕ್ಕೂ ಸೇರಿ.

ಏರಿನಲ್ಲಿ ಎಳೆತ ಸಾಲದೆಂದು ಇಂಜಿನ್ ಬಿಚ್ಚಿಸುವವರಿದ್ದಾರೆ. ಸ್ಪ್ರಾಕೆಟ್ ಬದಲಿಸಿ ನೋಡಿ. ಮುಂದೆ 13, ಹಿಂದೆ 39 ಹಲ್ಲುಗಳಿದ್ದರೆ ಅನುಪಾತ 3. ಹಿಂದೆ 42 ಹಾಕಿದರೆ 3.23. ಸುಮಾರು ಶೇ. 8ರಷ್ಟು ಎಳೆತ ಹೆಚ್ಚಾಯಿತು. ಹೆದ್ದಾರಿಯಲ್ಲಿ ಇಂಜಿನ್ ಅಷ್ಟೇ ಹೆಚ್ಚು ತಿರುಗುತ್ತದೆ, ಪೆಟ್ರೋಲನ್ನೂ ಕುಡಿಯುತ್ತದೆ. ಹೊರೆ ಹೊರುವವರಿಗೆ ಮಾತ್ರ ಇದು ಲಾಭ. ಷಾಕ್ ಅಬ್ಸಾರ್ಬರ್ ಎತ್ತರಿಸುವ ಚಟವೂ ಹಬ್ಬಿದೆ. 2023ರ ಎಕ್ಸ್‌ಪಲ್ಸ್ 4ವಿ ಪ್ರೊ ಮಾದರಿಯ ಸೀಟಿನ ಎತ್ತರ 891 ಮಿ.ಮೀ. ಸ್ಪರ್ಧೆಗೆ ಅದು ಸರಿ. ಅಡಿಕೆ ಮೂಟೆ ಕಟ್ಟಿಕೊಂಡು ಕೆಸರಿಳಿಜಾರಿನಲ್ಲಿ ನಿಂತಾಗ ಕಾಲು ನೆಲಕ್ಕೆ ಎಟುಕದಿದ್ದರೆ ಏನಾಗುತ್ತದೆಂದು ನಮ್ಮ ಎತ್ತರದವರು ಯೋಚಿಸಬೇಕು. ಹೊರೆಯನ್ನು ಕೆಳಗೆ, ಮೈಗೆ ಹತ್ತಿರ ಕಟ್ಟಿರಿ. ಮಣ್ಣುದಾರಿಯಲ್ಲಿ ಕಬ್ಬಿಣದ ಪೆಟ್ಟಿಗೆಗಿಂತ ಬಟ್ಟೆಯ ಚೀಲ ಮೇಲು. ಬಿದ್ದಾಗ ಪೆಟ್ಟಿಗೆಯಡಿ ಕಾಲು ಸಿಕ್ಕರೆ ಮೂಳೆ ಉಳಿಯದು. ಹೆಲ್ಮೆಟ್ಟಿಗೆ ಐಎಸ್‌ಐ ಮುದ್ರೆ ಇರಲೇಬೇಕು. ಇದನ್ನು ಇನ್ನೂ ಹೇಳಬೇಕಾಗಿರುವುದು ನಾಚಿಕೆಯ ಸಂಗತಿ.

ಹಳ್ಳ ದಾಟುವಾಗ ಇಂಜಿನ್ ನೀರು ಕುಡಿದು ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ನೀರನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾಗದು. ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ದಡ ಸೇರಿಸಿ, ಪ್ಲಗ್ಗು ಬಿಚ್ಚಿ, ಕಿಕ್ಕರಿನಿಂದಲೋ ಸ್ವಿಚ್ಚಿನಿಂದಲೋ ತಿರುಗಿಸಿ ನೀರನ್ನು ಹೊರಹಾಕಿ. ಬೈಕನ್ನು ಹಳ್ಳದಲ್ಲಿ ತೊಳೆಯುವ ಅಭ್ಯಾಸವನ್ನಂತೂ ಬಿಡೋಣ, ಕೆಳಗಿನ ಮನೆಯವರು ಅದೇ ನೀರನ್ನು ಕುಡಿಯುತ್ತಾರೆ. ಹಳೆಯ ಆಯಿಲನ್ನು ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯುವುದು ರೂಢಿಯಲ್ಲಿದೆ. ಅದೂ ಮಳೆಗೆ ತೊಳೆದು ಮಣ್ಣಿಗೇ ಇಳಿಯುತ್ತದೆ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಮರಳಿಸಿ.

ಇನ್ನು ಆ ಸೈಲೆನ್ಸರಿನ ಮಾತು. ನಮ್ಮ ನಿಯಮಗಳ ಪ್ರಕಾರ 80ರಿಂದ 175 ಸಿ.ಸಿ. ಬೈಕು ತಯಾರಾಗುವಾಗ 77 ಡೆಸಿಬೆಲ್, ಅದಕ್ಕೂ ದೊಡ್ಡದು 80 ಡೆಸಿಬೆಲ್ ಮೀರುವಂತಿಲ್ಲ. ಈ ಲೆಕ್ಕದಲ್ಲಿ ಹತ್ತು ಹೆಚ್ಚಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ನೋಂದಣಿಯ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಬೈಕುಗಳ ಹೊಗೆಯನ್ನು ಶುದ್ಧಿಗೊಳಿಸುವ ಭಾಗವೂ ಸೈಲೆನ್ಸರಿನ ಹಾದಿಯಲ್ಲೇ ಇರುತ್ತದೆ. ಕಿತ್ತರೆ ಶಬ್ದವೂ ಹೊಗೆಯೂ ಕೂಡಿಯೇ ಬರುತ್ತವೆ. ನಾನು ನನ್ನದನ್ನು ಕಿತ್ತುಹಾಕಿದ್ದು ಕಾನೂನಿಗೆ ಹೆದರಿ ಅಲ್ಲ. ನಮ್ಮ ಅಜ್ಜಿ, ನೀನು ಬರುವುದು ಎರಡು ಗುಡ್ಡದಾಚೆಯಿಂದಲೇ ಕೇಳುತ್ತದೆ ಮಗಾ, ದನಗಳು ಗೊಂತು ಕಿತ್ತುಕೊಳ್ಳುತ್ತವೆ ಎಂದಿದ್ದಳು.

ಶಬ್ದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಗುಬ್ಬಿಟೈರು ಹಾಕಿದ ವರ್ಷ ನಾವು ನಾಲ್ವರು ಗೆಳೆಯರು ಊರ ಹಿಂದಿನ ಬ್ಯಾಣದ ನೆತ್ತಿಗೆ ನೇರವಾಗಿ ಹತ್ತುವ ಆಟ ಹೂಡಿದೆವು. ಹಿಂಬದಿಯ ಚಕ್ರ ಗಿರ್ರೆಂದು ತಿರುಗಿ ಹುಲ್ಲಿನ ಬೇರನ್ನು ಸೀಳಿತು. ಒಂದು ಗೆರೆ ಬಿತ್ತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ನಾಡು ಇದು. ಆ ಗೆರೆಯನ್ನು ನೀರು ತನ್ನ ಕಾಲುವೆಯಾಗಿ ಮಾಡಿಕೊಂಡಿತು. ಮೂರನೆಯ ಮಳೆಗಾಲಕ್ಕೆ ಅದು ಸೊಂಟದಾಳದ ಕೊರಕಲು. ಕೆಳಗಿನ ಗದ್ದೆಯ ಬಾಯಿಗೆ ಕೆಂಪು ಮಣ್ಣು ಬಂದು ತುಂಬಿತು. ಗದ್ದೆಯವರು ನಮ್ಮನ್ನು ಬೈಯಲಿಲ್ಲ. ಮಳೆ ಜಾಸ್ತಿಯಾಯಿತು ಎಂದುಕೊಂಡರು. ಇಂದಿನವರೆಗೆ ನಾನು ಅವರಿಗೆ ಹೇಳಿರಲಿಲ್ಲ, ಈಗ ಹೇಳಿದಂತಾಯಿತು. ಕೊರಕಲಿಗೆ ಅಡ್ಡಲಾಗಿ ಕಲ್ಲು ಒಟ್ಟುವ ಕೆಲಸವನ್ನು ಮುಂದಿನ ಭಾನುವಾರ ಆರಂಭಿಸುತ್ತೇನೆ.

ಬಾಬಾಬುಡನ್‌ಗಿರಿಯ, ಕುದುರೆಮುಖದ ಹುಲ್ಲುಬೆಟ್ಟಗಳಲ್ಲಿಯೂ ಇದೇ ನೀರು, ಇದೇ ಮಣ್ಣು. ಬಯಲುಸೀಮೆಯಿಂದ ರಜಾದಿನಕ್ಕೆ ಬರುವ ಸವಾರರನ್ನು ದೂರುವುದು ಸುಲಭ. ಅವರಿಗೆ ದಾರಿ ತೋರಿಸುವವರು ನಮ್ಮ ಹುಡುಗರೇ ಅಲ್ಲವೇ? ಇರುವ ದಾರಿಯಲ್ಲೇ ಹೋಗೋಣ, ಕೆಸರಿದೆಯೆಂದು ಪಕ್ಕದ ಹುಲ್ಲಿನ ಮೇಲೆ ಹೊಸ ದಾರಿ ಮಾಡುವುದು ಬೇಡ. ಊರಿಂದೂರಿಗೆ ಹೋಗುವಾಗ ಟೈರಿಗೆ ಮೆತ್ತಿದ ಮಣ್ಣನ್ನು ಕೆರೆದು ತೆಗೆಯಿರಿ. ಕಳೆಯ ಬೀಜಗಳು ಅದರಲ್ಲೇ ಕುಳಿತು ಪ್ರಯಾಣ ಮಾಡುತ್ತವೆ. ಕಣ್ಣು ಕುಕ್ಕುವ ಹೆಚ್ಚುವರಿ ದೀಪವೂ ಬೇಡ. ರಾತ್ರಿ ಬೆಳಕಿಗೆ ಸಿಕ್ಕ ಕಾಡುಪ್ರಾಣಿ ಓಡದೆ ನಿಂತುಬಿಡುತ್ತದೆ. ಬಂಡೀಪುರದಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿಲ್ಲಿಸಿರುವುದು ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದುದಕ್ಕಾಗಿಯೇ.

ಚಹಾ ಆದ ಮೇಲೆ ಅಂಗಳದಲ್ಲಿ ಹಿಂದಿನ ಚಕ್ರ ಬಿಚ್ಚಿ ಟ್ಯೂಬು ಬದಲಿಸುವುದನ್ನು ತೋರಿಸುತ್ತೇನೆ. ಹೆಣ್ಣುಮಕ್ಕಳು ಹಿಂದೆ ನಿಲ್ಲಬೇಡಿ, ಮುಂದೆ ಬಂದು ಕೈ ಹಾಕಿ. ನನ್ನ ಬಳಿ ಟೈರು ಎಬ್ಬುವ ಸಲಾಕೆ ಎರಡೇ ಇವೆ. ಮೂರನೆಯದು ಯಾರಲ್ಲಾದರೂ ಇದ್ದರೆ ದಯವಿಟ್ಟು ತನ್ನಿ.