ಹೆಂಚಿನ ಊರಿನ ಆರಿದ ಗೂಡುಗಳು



ಮಂಗಳೂರು ಎಂದೊಡನೆ ಮೀನು, ಬ್ಯಾಂಕು, ಕಾಲೇಜು ನೆನಪಾಗುವ ಕಾಲ ಇದು. ಅದಕ್ಕೂ ಮೊದಲು ಈ ಊರಿನ ಹೆಸರು ಹಡಗೇರಿ ಹೋದದ್ದು ಹೆಂಚಿನ ಜೊತೆಗೆ. ಹೆಂಚನ್ನು ಮಗುಚಿದರೆ ಒಳಮೈಯಲ್ಲಿ ಕಾರ್ಖಾನೆಯ ಹೆಸರು, ಕೆಳಗೆ ಊರಿನ ಹೆಸರು.

1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿ ಮೊದಲ ಹೆಂಚಿನ ಕಾರ್ಖಾನೆ ಆರಂಭಿಸಿದರು. ಮತಾಂತರಗೊಂಡು ಜಾತಿಯ ಆಸರೆಯನ್ನೂ ಕಸುಬನ್ನೂ ಕಳೆದುಕೊಂಡವರಿಗೆ ದುಡಿಮೆ ಒದಗಿಸುವುದು ಮಿಷನ್ನಿನ ಉದ್ದೇಶವಾಗಿತ್ತು. ಜಾಗದ ಆಯ್ಕೆಯಲ್ಲಿ ಮಾತ್ರ ವ್ಯವಹಾರ ಬುದ್ಧಿಯೇ ಕಾಣುತ್ತದೆ. ನೇತ್ರಾವತಿ, ಗುರುಪುರ ನದಿಗಳ ಬಯಲಿನಲ್ಲಿ ಅಂಟು ಜೇಡಿಮಣ್ಣು, ತರಲು ದೋಣಿ, ಸುಡಲು ಸೌದೆ, ಸಾಗಿಸಲು ಹಳೆ ಬಂದರು. ಮಣ್ಣನ್ನು ಹದಗೊಳಿಸಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಗೂಡಿಗೆ. ಅವಸರದಿಂದ ಒಣಗಿಸಿದರೆ ಹೆಂಚು ಸೊಟ್ಟಗಾಗುತ್ತದೆ, ಬಿರಿಯುತ್ತದೆ. ಮುಳಿಹುಲ್ಲು ಹೊದಿಸಿ ಹೊದಿಸಿ ಬೇಸತ್ತಿದ್ದ ಮನೆಗಳಿಗೆ ಇದು ವರವೇ ಆಯಿತು. ಸ್ಥಳೀಯರೂ ಬೇಗನೆ ಈ ಉದ್ಯಮಕ್ಕೆ ಇಳಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಮಿಷನ್ನಿನ ಉದ್ಯಮಗಳು ಬ್ರಿಟಿಷರ ವಶವಾಗಿ, ಮುಂದೆ ಕಾಮನ್‌ವೆಲ್ತ್ ಟ್ರಸ್ಟ್‌ನ ಪಾಲಾದವು. ಆದರೂ ಗೂಡು ಆರಲಿಲ್ಲ.

ಆರಿದ್ದು ಸ್ವಾತಂತ್ರ್ಯಾನಂತರದ ದಶಕಗಳಲ್ಲಿ, ಒಂದೊಂದಾಗಿ. ನಾವು ಎಲ್ಲದಕ್ಕೂ ಕಾಂಕ್ರೀಟಿನ ಮೇಲೆ ಗೂಬೆ ಕೂರಿಸುತ್ತೇವೆ. ತಾರಸಿ ಮನೆಯ ಮೋಹ ಹೆಂಚನ್ನು ಹಿಂದಕ್ಕೆ ತಳ್ಳಿದ್ದು ನಿಜ. ಆದರೆ ಗದ್ದೆಯ ಮಣ್ಣು ತೆಗೆದಷ್ಟೂ ಮತ್ತೆ ಹುಟ್ಟುವಂಥದ್ದಲ್ಲ. ಸೌದೆ ದುಬಾರಿಯಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಹೊಳೆ ದಂಡೆಯ ವಿಶಾಲ ನೆಲ, ಅದರ ಮೇಲೆ ತಯಾರಾಗುತ್ತಿದ್ದ ಹೆಂಚಿಗಿಂತ ಹೆಚ್ಚು ಬೆಲೆಬಾಳತೊಡಗಿತು. ಆಗ ನಷ್ಟದ ಕಾರ್ಖಾನೆಯನ್ನು ಸುಧಾರಿಸುವ ಉತ್ಸಾಹ ಯಾರಿಗಿದ್ದೀತು? ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಬಾಗಿಲು ಮುಚ್ಚಿದಾಗ ಮಾಲೀಕರಿಗೆ ನೆಲ ಉಳಿಯಿತು. ಮಣ್ಣು ಹೊತ್ತ ಹೆಂಗಸರಿಗೆ, ಅಚ್ಚು ಒತ್ತಿದವರಿಗೆ ಉಳಿದದ್ದು ಬೇರೆಲ್ಲೂ ನಡೆಯದ ಕೈಕೆಲಸ. ಕೆಲವರು ಬೀಡಿ ಕಟ್ಟಿದರು, ಕೆಲವರು ಗೇರುಬೀಜದ ಕಾರ್ಖಾನೆ ಸೇರಿದರು.

ಈಗ ಹಳೆ ಮನೆ ಕೆಡವಿದರೆ ಹೆಂಚಿಗೆ ಗಿರಾಕಿಗಳು ಸಿದ್ಧ. ರೆಸಾರ್ಟಿನ ಮಾಡಿಗೆ ಅದೇ ಬೇಕಂತೆ. ಇರಲಿ, ಹೆಂಚಾದರೂ ಉಳಿಯುತ್ತದೆ. ಆದರೆ ಬೆಂಕಿಯ ಬಣ್ಣ ನೋಡಿಯೇ ಹೆಂಚು ಬೆಂದಿತೆಂದು ಹೇಳಬಲ್ಲವರಿಗೆ ವಯಸ್ಸಾಗಿದೆ. ಅವರ ಬಳಿ ಕುಳಿತು ಕೇಳಿ ಬರೆದಿಡುವ ಕೆಲಸವನ್ನು ಇಲ್ಲಿರುವ ಇತಿಹಾಸದ ವಿದ್ಯಾರ್ಥಿಗಳು ಈ ರಜೆಯಲ್ಲೇ ಶುರುಮಾಡಬಹುದು.