ಅವರೆ ಹಾಕುವ ತಿಂಗಳು



ಹೊಸ ವರ್ಷದ ಕ್ಯಾಲೆಂಡರ್ ಬಂದ ಮೇಲೂ ಹಳೆಯದನ್ನು ತೆಗೆಯದೆ, ಅದೇ ಮೊಳೆಗೆ ಹಿಂದುಗಡೆ ಬಿಟ್ಟಿರುವ ಮನೆಗಳಿವೆ. ಈ ವಾರ ಬೆಂಗಳೂರಿನ ಜಯನಗರದ ಒಂದು ಅಡುಗೆಮನೆಯಲ್ಲಿ ಹಾಗೆ ಉಳಿದಿದ್ದ ಹೋದ ವರ್ಷದ ಕ್ಯಾಲೆಂಡರ್ ನೋಡಿದೆ. ಹಾಲು ಬೇಡವೆಂದ ದಿನಗಳಿಗೆ ಸುತ್ತು, ಗ್ಯಾಸ್ ಬಂದ ತಾರೀಕು, ಚೀಟಿ ಕಟ್ಟುವ ದಿನ, ಎಲ್ಲ ಇದ್ದವು. ಅವುಗಳ ಮಧ್ಯೆ ಪೆನ್ಸಿಲಿನಲ್ಲಿ ಬೇರೆ ಬರಹವೂ ಇತ್ತು. ‘ಮೆಂತ್ಯ ಚೆಲ್ಲಿದ್ದು.’ ‘ಬೆಂಡೆ ಮೊದಲ ಕೊಯ್ಲು, ಒಂಬತ್ತು.’ ‘ಟೊಮೇಟೊಗೆ ರೋಗ, ಎರಡು ಗಿಡ ಕಿತ್ತದ್ದು.’ ಒಂದು ಕಡೆ ಬರೀ ‘ಹೀರೇಕಾಯಿ, ಹೀರೇಕಾಯಿ’ ಎಂದಷ್ಟೇ.

ಆ ಮನೆಯ ಹಿರಿಯಮ್ಮ ಎರಡೂ ಕ್ಯಾಲೆಂಡರುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಮಗ, ಸೊಸೆ, ಮೊಮ್ಮಗ ಸುತ್ತ ಸೇರಿದ್ದರು. ಚೀಲ, ಟ್ರೇಗಳಲ್ಲಿ ಬೆಳೆಯುವ ತಾರಸಿಯ ತೋಟಕ್ಕೆ ಒಂದು ವರ್ಷದ ಲೆಕ್ಕ ನಡೆಯುತ್ತಿತ್ತು. ತೋಟದ ವರ್ಷ ಜನವರಿಗೆ ಶುರುವಾಗುವುದಿಲ್ಲ, ಯುಗಾದಿಗೂ ಅಲ್ಲ. ಅದು ಮಳೆಯ ಜೊತೆ ಶುರುವಾಗುತ್ತದೆ. ಜೂನ್‌ನಿಂದ ಮುಂದಿನ ಮೇ ತನಕ ಅವರ ಲೆಕ್ಕ. ಮುಂದಿನ ವರ್ಷದ ತಿಂಗಳುಗಳಿಗೆ ಈ ವರ್ಷ ಮುಗಿದ ಪುಟಗಳೇ.

ಬೀಜದ ಪೊಟ್ಟಣಗಳು ಪಕ್ಕದಲ್ಲೇ ಇದ್ದವು. ಆಕೆ ಅವುಗಳನ್ನು ಮುಟ್ಟಲಿಲ್ಲ. ಮೊದಲು ಕೇಳಿದ್ದು, “ಈ ಮನೇಲಿ ಯಾರ್ಯಾರು ಏನೇನು ತಿಂತೀರಿ, ನಿಜ ಹೇಳಿ” ಎಂದು. ಮಗ ಹೀರೇಕಾಯಿ ಮುಟ್ಟುವುದಿಲ್ಲ. ಹೋದ ವರ್ಷ ಹೀರೆ ಬಳ್ಳಿ ಹಿಡಿದದ್ದೇ ಹಿಡಿದದ್ದು, ಕಾಯೆಲ್ಲ ಅಕ್ಕಪಕ್ಕದ ಮನೆಗಳಿಗೆ ಹೋಯಿತು. ಮೊಮ್ಮಗನಿಗೆ ಬೆಂಡೆಕಾಯಿ ಪಲ್ಯವಿದ್ದರೆ ಮತ್ತೇನೂ ಬೇಡ. ಸೊಸೆ ಹೇಳಿದ್ದು ಸೊಪ್ಪಿನ ಮಾತು: “ಅತ್ತೆ, ಕೊತ್ತಂಬರಿ, ಮೆಂತ್ಯ ದಿನಾ ಬೇಕು. ತಂದು ಎರಡು ದಿನಕ್ಕೆ ಬಾಡುತ್ತೆ. ಅದೊಂದು ಮೇಲೆ ಸಿಕ್ಕಿದ್ರೆ ಸಾಕು.”

ಕೈತೋಟದ ಯೋಜನೆಗೆ ಇದಕ್ಕಿಂತ ಒಳ್ಳೆಯ ಆರಂಭವನ್ನು ನಾನು ಕೇಳಿಲ್ಲ. ಈರುಳ್ಳಿ, ಆಲೂಗಡ್ಡೆ ಅಂಗಡಿಯಿಂದ ಬಂದರೆ ನಷ್ಟವೇನಿಲ್ಲ, ಅವು ವಾರಗಟ್ಟಲೆ ಕೆಡದೆ ಇರುತ್ತವೆ. ಕಿತ್ತ ಗಳಿಗೆಯಿಂದಲೇ ಸೊರಗುವಂಥದ್ದು ಸೊಪ್ಪು. ಅದು ಒಲೆಗೆ ಹತ್ತಿರ ಬೆಳೆಯಬೇಕು. ಮೆಂತ್ಯ ಒಂದು ತಿಂಗಳಿಗೆ ಕೈಗೆ ಬರುತ್ತದೆ, ಮೂಲಂಗಿಗೆ ಒಂದೂವರೆ ತಿಂಗಳು, ಬೀನ್ಸ್‌ಗೆ ಸುಮಾರು ಎರಡು ತಿಂಗಳು. ಒಂದೇ ದಿನ ಎಲ್ಲವನ್ನೂ ಚೆಲ್ಲಿದರೆ ಒಂದು ವಾರ ಸೊಪ್ಪೇ ಸೊಪ್ಪು, ಆಮೇಲೆ ಬರೀ ಮಣ್ಣು. ಅದಕ್ಕೇ ಆಕೆಯ ಕ್ಯಾಲೆಂಡರಿನಲ್ಲಿ ಮೆಂತ್ಯದ ಹೆಸರು ಹದಿನೈದು ದಿನಕ್ಕೊಮ್ಮೆ ಬರುತ್ತದೆ. ಒಂದು ಟ್ರೇ ಖಾಲಿಯಾಗುವಾಗ ಇನ್ನೊಂದು ಟ್ರೇ ಮೊಳೆತಿರುತ್ತದೆ.

ನಮ್ಮ ಊರಿನ ಹವೆಯೂ ಇದಕ್ಕೆ ಒಪ್ಪುವಂಥದ್ದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದೇವೆ. ಬಿಸಿಲೂ ಚಳಿಯೂ ಅತಿಯಾಗುವುದಿಲ್ಲ. ಮುಂಗಾರೂ ಹಿಂಗಾರೂ ಎರಡೂ ನಮ್ಮನ್ನು ಮುಟ್ಟುತ್ತವೆ. ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಹೋದ ವರ್ಷ ಟೊಮೇಟೊಗೆ ರೋಗ ಬಂದದ್ದು ಆ ಮಳೆಯಲ್ಲೇ ಎಂದು ಹಳೆಯ ಪುಟ ಹೇಳಿತು. ಈ ಸಲ ಅದರ ಸಸಿ ಮಳೆ ತಗ್ಗಿದ ಮೇಲೆ ಎಂದು ತೀರ್ಮಾನವಾಯಿತು. ಏಪ್ರಿಲ್ ಎದುರಿಗೆ ಆಕೆ ‘ಅರ್ಧದಷ್ಟು ಚೀಲ ಖಾಲಿ’ ಎಂದು ಬರೆದರು. 2024ರ ಮಾರ್ಚ್ ಯಾರಿಗೆ ಮರೆತಿದೆ? ಕೊಳವೆ ಬಾವಿಗಳು ಬತ್ತಿ, ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ತಪ್ಪಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತ್ತು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಷ್ಟು ಚೀಲಕ್ಕೆ ಸಾಲುತ್ತದೋ ಬೇಸಿಗೆಯಲ್ಲಿ ಅಷ್ಟೇ ತೋಟ. ಕರಿಬೇವು, ದೊಡ್ಡಪತ್ರೆ, ಒಂದೆಲಗ ಇಷ್ಟು ಉಳಿದರೂ ತೋಟ ತೋಟವೇ.

ಆಮೇಲೆ ಅವರೆಯ ಸರದಿ ಬಂತು. ಆಕೆ ಜೂನ್ ಕೊನೆಯ ಭಾನುವಾರದ ಮನೆಯಲ್ಲಿ ‘ಅವರೆ, ಮೂರು ಚೀಲ’ ಎಂದು ಬರೆದರು. ಅಲ್ಲಿಂದ ಪುಟ ತಿರುಗಿಸುತ್ತ, ತಿರುಗಿಸುತ್ತ ಡಿಸೆಂಬರ್ ಕೊನೆಗೆ ಹೋಗಿ ‘ಅವರೆ ನೋಡುವುದು’ ಎಂದರು. ಮೊಮ್ಮಗ ಬೆರಳು ಮಡಿಚಿ ಎಣಿಸಿದ. “ಅಜ್ಜಿ, ಆರು ತಿಂಗಳು! ಅಷ್ಟರಲ್ಲಿ ಆರು ಸಲ ಮೆಂತ್ಯ ಬೆಳೀಬಹುದು.” ಲೆಕ್ಕ ಸರಿಯಾಗಿಯೇ ಇತ್ತು.

ಅವರೆಯ ಸ್ವಭಾವವೇ ಹಾಗೆ. ಮುಂಗಾರಿನಲ್ಲಿ ಹಾಕಿದ ನಾಟಿ ಅವರೆ ಬೇಗ ಮೊಳೆಯುತ್ತದೆ, ಹಬ್ಬುತ್ತದೆ, ತಾರಸಿಯ ತಂತಿಯನ್ನೆಲ್ಲ ಹಿಡಿಯುತ್ತದೆ. ಗೊಬ್ಬರ ಹಾಕಿ, ನೀರು ಹಾಕಿ, ಬೇಡಿಕೊಳ್ಳಿ, ಹೂ ಮಾತ್ರ ಬಿಡುವುದಿಲ್ಲ. ಹಗಲು ಚಿಕ್ಕದಾಗಿ ರಾತ್ರಿ ಉದ್ದವಾಗುವವರೆಗೆ ಅದು ಬರೀ ಎಲೆ. ದಿನದ ಬೆಳಕಿನ ಅಳತೆಯನ್ನು ಗಿಡ ತನ್ನೊಳಗೇ ಇಟ್ಟುಕೊಂಡಿದೆ. ದಸರಾ, ದೀಪಾವಳಿಯ ಹೊತ್ತಿಗೆ ಹೂ ಕಾಣುತ್ತದೆ. ಮಾರ್ಗಶಿರದ ಮಂಜು ಬೀಳುವಾಗ ಕಾಯಿ ತುಂಬುತ್ತದೆ. ಆಗ ಸಿಪ್ಪೆಯ ಮೇಲೆ ಎಣ್ಣೆಯಂಥ ಜಿಡ್ಡು ಮೂಡುತ್ತದೆ. ಅದೇ ಸೊಗಡು. ಸುಲಿದ ಕೈಯನ್ನು ಎಷ್ಟು ತೊಳೆದರೂ ಸಂಜೆಯವರೆಗೆ ಹೋಗದ ಆ ವಾಸನೆ ಬೆಂಗಳೂರು ಸೀಮೆಯ ಚಳಿಗಾಲದ ವಾಸನೆ.

ಕಾಯಲಾಗದವರಿಗೆ ದಾರಿಯಿಲ್ಲವೆಂದಲ್ಲ. ನಮ್ಮ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಎಂಬ ತಳಿಗಳನ್ನು ಕೊಟ್ಟಿದ್ದಾರೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಜಯ್, ಅರ್ಕಾ ವಿಜಯ್ ಕೊಟ್ಟಿದೆ. ಇವು ಗಿಡ್ಡ ಗಿಡಗಳು, ಹಗಲು ರಾತ್ರಿಯ ಉದ್ದ ನೋಡುವುದಿಲ್ಲ, ವರ್ಷದ ಯಾವ ಕಾಲದಲ್ಲಿ ಹಾಕಿದರೂ ಕಾಯಿ ಬಿಡುತ್ತವೆ. ಚೀಲದಲ್ಲಿ ಬೆಳೆಯುವವರಿಗೆ, ಬೇಸಿಗೆಯಲ್ಲೂ ಕಾಳು ಬೇಕೆನ್ನುವವರಿಗೆ, ವರ್ಷವಿಡೀ ಮಾರುವ ರೈತರಿಗೆ ಅದೊಂದು ದೊಡ್ಡ ಉಪಕಾರ. ಹಿರಿಯಮ್ಮನಿಗೆ ಅದು ಗೊತ್ತು. ಒಂದು ಚೀಲಕ್ಕೆ ಆ ಗಿಡ್ಡ ಅವರೆಯನ್ನೇ ಮೊಮ್ಮಗನ ಹೆಸರಲ್ಲಿ ಬರೆದರು. ಉಳಿದೆರಡಕ್ಕೆ ನಾಟಿಯೇ.

“ಯಾಕಮ್ಮಾ?” ಎಂದೆ.

ಆಕೆ ಜನವರಿಯ ಪುಟ ತೋರಿಸಿದರು. ಸಂಕ್ರಾಂತಿಯ ಪಕ್ಕ ಸಣ್ಣ ಅಕ್ಷರದಲ್ಲಿ ‘ಮಗಳು ಬರ್ತಾಳೆ’ ಎಂದಿತ್ತು.

“ಹಿತುಕಿದ ಬೇಳೆಗೆ ಕೈ ಜಾಸ್ತಿ ಬೇಕು. ಎಲ್ಲಾ ಇದ್ದಾಗಲೇ ಆಗೋದು. ಒಬ್ಬಳೇ ಕೂತು ಎಷ್ಟು ಹಿತುಕಲಿ?”

ಎರಡು ಚೀಲದ ಅವರೆಯಿಂದ ಐದು ಜನರಿಗೆ ಹಿತುಕಿದ ಬೇಳೆ ಸಾರು ಆಗುತ್ತದೆಯೇ ಎಂದು ಕೇಳಬಹುದು. ಆಗುವುದಿಲ್ಲ. ಚಳಿಗಾಲದಲ್ಲಿ ಊರಿನಲ್ಲಿ ಅವರೆ ಮೇಳ ನಡೆಯುತ್ತದಲ್ಲ, ಅಲ್ಲಿಗೆ ಮಾಗಡಿ ಕಡೆಯಿಂದ ಬರುವ ಅವರೆಯನ್ನು ಆಕೆ ಎರಡು ಮೂರು ಕಿಲೋ ತರಿಸುತ್ತಾರಂತೆ. ಮನೆಯ ಕಾಯಿಯನ್ನು ಅದರೊಳಗೆ ಸುರಿದು ಬೆರೆಸುತ್ತಾರೆ. “ಬೆರೆಸಿದ್ಮೇಲೆ ಎಲ್ಲಾ ನಮ್ಮನೇದೇ” ಎಂದರು. ಮನೆಮಂದಿಗೆ ಪೂರ್ತಿ ಸಾಲುವಷ್ಟು ಬೆಳೆಯಬೇಕು ಎಂಬ ಹಟ ಆಕೆಗಿಲ್ಲ. ರೈತ ಬೆಳೆದದ್ದರ ಪಕ್ಕದಲ್ಲಿ ತಾನು ಬೆಳೆದ ಒಂದು ಬೊಗಸೆ ಇರಲಿ ಎಂಬಷ್ಟೇ ಆಸೆ. ಒಂದು ಬೊಗಸೆ ಬೆಳೆದವರಿಗೆ ಕಿಲೋ ಅವರೆಯ ಹಿಂದಿನ ಆರು ತಿಂಗಳು ಕಾಣುತ್ತದೆ. ರಸ್ತೆ ಬದಿಯಲ್ಲಿ ಸುಲಿದು ಕೂತ ಹೆಣ್ಣುಮಗಳ ಹತ್ತಿರ ಅವರು ಐದು ರೂಪಾಯಿಗೆ ಚೌಕಾಸಿ ಮಾಡುವುದಿಲ್ಲ.

ದಕ್ಷಿಣ ಬೆಂಗಳೂರಿಗೆ ಈ ಬೇಸಾಯ ಹೊಸದೇನೂ ಅಲ್ಲ. 1948ರಲ್ಲಿ ಜಯನಗರ ಬಡಾವಣೆ ಶುರುವಾಗುವ ಮುನ್ನ ಈ ಕಡೆಯೆಲ್ಲ ಹಳ್ಳಿ, ಕೆರೆ, ತೋಟ. ಸಾರಕ್ಕಿ, ಯಡಿಯೂರು ಎಂಬ ಹೆಸರುಗಳು ಇಂದಿಗೂ ಉಳಿದಿವೆ. ಲಾಲ್‌ಬಾಗಿನ ಪಕ್ಕದ ಸಿದ್ಧಾಪುರದಲ್ಲಿ ಇವತ್ತಿಗೂ ನರ್ಸರಿಗಳಿವೆ. ಹಿತ್ತಿಲ ಚಪ್ಪರದ ಸೀಮೆಬದನೆಯನ್ನು ಈ ಊರಿಗೆ ತಂದವರು 1874ರಿಂದ 1908ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜಾನ್ ಕ್ಯಾಮರಾನ್. ಸೈಟು ಚಿಕ್ಕದಾಗಿ ಹಿತ್ತಿಲು ಹೋದಾಗ ತೋಟ ತಾರಸಿ ಹತ್ತಿತು. ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ಅವರಂಥವರು ಅದನ್ನು ಊರಿಗೆ ಕಲಿಸಿದರು. 2011ರಿಂದ ಅವರೂ ಅವರ ಗೆಳೆಯರೂ ನಡೆಸಿದ ‘ಊಟ ಫ್ರಂ ಯುವರ್ ತೋಟ’ ಮೇಳಗಳಲ್ಲಿ ಬೀಜ, ಸಸಿ, ಅನುಭವ ಎಲ್ಲವೂ ಕೈಯಿಂದ ಕೈಗೆ ದಾಟಿದವು.

ಯೋಜನೆ ಎಂದರೆ ಎಲ್ಲವನ್ನೂ ನಮ್ಮ ಹಿಡಿತಕ್ಕೆ ತಂದುಕೊಳ್ಳುವುದು ಎಂದು ನಾವು ತಿಳಿದಿರುತ್ತೇವೆ. ಆ ಕ್ಯಾಲೆಂಡರಿನಲ್ಲಿ ಹಿಡಿತಕ್ಕೆ ಸಿಗುವುದಕ್ಕೂ ಜಾಗವಿತ್ತು, ಸಿಗದಿದ್ದಕ್ಕೂ ಇತ್ತು. ಮೆಂತ್ಯ ಯಾವಾಗ ಬರಬೇಕೆಂದು ನಾವು ಹೇಳಬಹುದು. ಅವರೆಗೆ ಹೇಳಲಾಗದು. ಅದು ಬರುವ ಹೊತ್ತಿಗೆ ಮನೆಯವರೆಲ್ಲ ಮನೆಯಲ್ಲಿರುವಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೆಲಸ. ಮಗಳ ರಜೆ, ಮೊಮ್ಮಗನ ಪರೀಕ್ಷೆ, ಮಗನ ಆಫೀಸು ಎಲ್ಲವೂ ಜನವರಿಯ ಆ ಒಂದು ವಾರದ ಸುತ್ತ ಜರುಗಿ ಕೂತದ್ದನ್ನು ನಾನು ಕಣ್ಣಾರೆ ಕಂಡೆ. ಎರಡು ಚೀಲ ಮಣ್ಣು ಒಂದು ಸಂಸಾರಕ್ಕೆ ಇಷ್ಟು ಮಾಡಬಲ್ಲದು.

ಕೇಳುಗರೇ, ನಿಮಗೆ ತಾರಸಿ ಇರಬಹುದು, ಬಿಸಿಲು ಬೀಳುವ ಬಾಲ್ಕನಿಯಷ್ಟೇ ಇರಬಹುದು. ಈ ಭಾನುವಾರ ಮನೆಯವರೆಲ್ಲ ಒಟ್ಟಿಗೆ ಕೂತು, ಯಾರಿಗೆ ಏನು ಇಷ್ಟ ಎಂದು ಒಮ್ಮೆ ಕೇಳಿಕೊಳ್ಳಿ. ದಿನಬಳಕೆಗೆ ಒಂದು ಟ್ರೇ ಸೊಪ್ಪು ಹಾಕಿ. ಅದರ ಜೊತೆಗೆ, ನಮ್ಮನ್ನು ಕಾಯಿಸಿ ಕೊಡುವಂಥದ್ದು ಯಾವುದಾದರೂ ಒಂದನ್ನು ಹಾಕಿ. ಮೃಗಶಿರ ಮಳೆ ನಡೆದಿದೆ, ಮುಂದೆ ಆರಿದ್ರ ಇದೆ. ನಾಟಿ ಅವರೆಗೆ ಜುಲೈ ಮುಗಿಯುವವರೆಗೂ ಕಾಲವಿದೆ.